ಎರಡನೇ ನಂಬರಿನ ಬಂದೂಕು

ಕಂತು ೭

"ಈ ತೋಟಾ ಈ ಬಂದೂಕಿಂದಲ್ಲ ಸಾರ್."

ರಾಜಣ್ಣ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಡಿಯಾರ ರಿಪೇರಿಯ ಮಸೂರವನ್ನು ತೆಗೆದು ಮೇಜಿನ ಮೇಲಿಟ್ಟರು.

ಇನ್‌ಸ್ಪೆಕ್ಟರ್ ಶಿವರುದ್ರಸ್ವಾಮಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಬೇಗೂರಿನ ದನದ ಡಾಕ್ಟರು ಮಲ್ಲಿಕಾರ್ಜುನಸ್ವಾಮಿ ಬಂದೂಕು ಒರೆಸುವಾಗ ಕೈತಪ್ಪಿ ಸತ್ತದ್ದಲ್ಲ, ಯಾರೋ ಕೊಂದದ್ದು ಎಂದು ಹದಿನೈದು ದಿನದಿಂದ ಅವನ ಮನಸ್ಸು ಹೇಳುತ್ತಲೇ ಇತ್ತು. ಅನುಮಾನ ನಿಜವಾದ ಮೇಲೆ ಇನ್ನು ನಿದ್ದೆಯಿಲ್ಲ. ನಿವೃತ್ತಿಗೆ ಏಳು ತಿಂಗಳು ಉಳಿದವನಿಗೆ ಅದೇನು ಸಿಹಿ ಸುದ್ದಿಯಲ್ಲ.

"ಹೆಂಗೆ ಹೇಳ್ತೀರಿ ರಾಜಣ್ಣೋರೆ?"

ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಕೈ ರಾಜಣ್ಣನವರದು. ಈಗ ಚಾಮರಾಜನಗರದ ಅರಿಸಿನ ಮಂಡಿಯ ಹಿಂದಿನ ಬೀದಿಯಲ್ಲಿ ಮಗಳ ಮನೆಯ ಜಗಲಿಯೇ ಅವರ ಕಾರ್ಖಾನೆ. ಮೇಜಿನ ಮೇಲೆ ಡಾಕ್ಟರ ಎರಡು ಬಂದೂಕುಗಳು, ಎರಡೂ ಜೋಡಿ ನಳಿಗೆಯವು, ಬಿಳಿ ಪಂಚೆಯ ಮೇಲೆ ಮಲಗಿದ್ದವು. ನಾಳೆ ಅವು ಮೈಸೂರಿನ ಪ್ರಯೋಗಾಲಯಕ್ಕೆ ಹೋಗಬೇಕು. ವರದಿ ಬರುವುದು ಯಾವ ಕಾಲಕ್ಕೋ. ಅಷ್ಟರಲ್ಲಿ ಮೇಲಿನವರು 'ಆಕಸ್ಮಿಕ' ಎಂದು ಬರೆದು ಫೈಲು ಮುಚ್ಚುತ್ತಾರೆ.

"ತೋಟಾದ ತಳದಲ್ಲಿ ಈ ತಾಮ್ರದ ಟೊಪ್ಪಿ ಐತಲ್ಲ, ಸೂಜಿ ಹೊಡಿಯೋದು ಇಲ್ಗೆ. ಸತ್ತೋರ ಪಕ್ಕ ಬಿದ್ದಿದ್ದ ಬಂದೂಕಿಗೆ ಸೋಪಿನ ಚೂರಿಟ್ಟು ಕುದುರೆ ಎಳೆದು ನೋಡಿದೆ. ಸೂಜಿ ನೆಟ್ಟಗೆ ನಡುವಿಗೆ ಬಡೀತದೆ. ಇದರೊಳಗೆ ಸಿಕ್ಕಿದ ತೋಟಾದಲ್ಲಿ ಏಟು ಬಿದ್ದಿರದು ಒಂಚೂರು ಮೇಲಕ್ಕೆ, ಎಡಕ್ಕೆ. ಬೇರೆ ಬಂದೂಕಲ್ಲಿ ಹಾರ್ಸಿ, ಖಾಲಿ ತೋಟಾನ ತಂದು ಇದಕ್ಕೆ ತುರುಕವ್ರೆ."

"ನಳಿಗೆ ಒಳಗೆ ಮಸಿ ಇತ್ತಲ್ಲ?"

"ಬಾಯಿತಾವ ಮಾತ್ರ. ಬೆರಳಲ್ಲಿ ಸವರಿದ್ದು. ಒಳಗಡೆ ಹಳೇ ಎಣ್ಣೆ ಹಂಗಂಗೇ ಐತೆ."

ರಾಜಣ್ಣ ನಳಿಗೆಯನ್ನು ಬೆಳಕಿಗೆ ಹಿಡಿದರು. ಕಂದು ಉಕ್ಕಿನ ಮೇಲೆ ಹುರಿ ಹೊಸೆದಂಥ ಗೆರೆಗಳು, ಹೆಬ್ಬಾವಿನ ಚರ್ಮದ ಹಾಗೆ, ಬುಡದಿಂದ ಬಾಯಿಯವರೆಗೆ ಸುತ್ತಿಕೊಂಡು ಹೋಗಿದ್ದವು.

"ಇನ್ನೊಂದ್ ಮಾತು ಸಾರ್. ಇದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕು ಎರಡರ ಪಟ್ಟಿನೂ ಸುತ್ತಿ ಬಡಿದು ಮಾಡಿರದು. ಕರಿಮದ್ದಿನ ಕಾಲದ್ದು. ಇವತ್ತಿನ ತೋಟಾ ಹಾಕುದ್ರೆ ಸೀಳ್ಕೊಂಡು ಕೈಯೇ ಹೋಗಬೌದು. ಡಾಕ್ಟ್ರಿಗೆ ಅದು ಗೊತ್ತಿತ್ತು. ನನಗೇ ಪಾಠ ಮಾಡೋರು. ಅಂಥೋರು ಇದಕ್ಕೆ ತೋಟಾ ತುಂಬುತಾರಾ?"

ಕೊಂದವನಿಗೆ ಬಂದೂಕು ಹಾರಿಸಲು ಗೊತ್ತಿತ್ತು, ಹಳೆಯ ಬಂದೂಕಿನ ಗುಟ್ಟು ಗೊತ್ತಿರಲಿಲ್ಲ. ಶಿವರುದ್ರಸ್ವಾಮಿ ಇನ್ನೊಂದರ ಕಡೆ ಬೆರಳು ತೋರಿಸಿದ. "ಹಂಗಾದ್ರೆ ಹಾರಿದ್ದು ಇದಾ?"

"ಇದೂ ಅಲ್ಲ. ಆದ್ರೆ..." ರಾಜಣ್ಣ ತಲೆ ಕೆರೆದುಕೊಂಡರು. "ಏಟಿನ ಆಕಾರ ಇದರ ಸೂಜಿದೇ ಅನ್ನೋ ಹಂಗೈತೆ, ಜಾಗ ಮಾತ್ರ ಕೂದಲೆಳೆ ಆಚೀಚೆ. ಒಂದೇ ಕೈ ಮಾಡಿದ ಅಣ್ಣತಮ್ಮ ಇದ್ದಂಗೆ ಸಾರ್. ಇದರ ತಮ್ಮ ಎಲ್ಲೋ ಐತೆ."

* * *

ಡ್ರೈವರ್ ಮಂಟೇಸ್ವಾಮಿ ಹನ್ನೊಂದು ವರ್ಷದಿಂದ ಶಿವರುದ್ರಸ್ವಾಮಿಯ ಜೀಪು ಓಡಿಸುತ್ತಿದ್ದ. ಸಾಹೇಬರಿಗೆ ಯಾವಾಗ ಮಾತು ಬೇಕು, ಯಾವಾಗ ಬೇಡ ಎಂದು ಅವನಿಗೆ ತಿಳಿಯುತ್ತಿತ್ತು. ಬೇಗೂರಿನವರೆಗೂ ತುಟಿ ಬಿಚ್ಚಲಿಲ್ಲ. ಊರು ಬಂದಾಗ ಡ್ಯಾಶ್‌ಬೋರ್ಡಿನಿಂದ ಬಿ.ಪಿ. ಮಾತ್ರೆ ತೆಗೆದು, ನೀರಿನ ಬಾಟಲಿಯ ಜೊತೆ ಕೈಗಿಟ್ಟ. ಅಷ್ಟೆ.

ಡಾಕ್ಟರ ಹೆಂಡತಿ ಭಾನುಮತಿ ಬಾಗಿಲಲ್ಲೇ ನಿಂತಿದ್ದರು. ಸಮಾಧಾನ ಹೇಳಲು ಬರುವವರಿಗೆ ಕಾಫಿ ಮಾಡಿ ಮಾಡಿಯೇ ಸುಸ್ತಾಗಿದ್ದ ಮುಖ.

"ಮತ್ತೆ ಕೋಣೆ ನೋಡ್ಬೇಕಾ ಇನ್‌ಸ್ಪೆಕ್ಟ್ರೇ?"

"ನೋಡೋದೇನಿಲ್ಲಮ್ಮ. ಕೇಳೋದಿದೆ."

ಆದರೂ ಡಾಕ್ಟರ ಬಂದೂಕಿನ ಕೋಣೆಯಲ್ಲೇ ಕೂತರು. ಗೋಡೆಯ ಮೇಲೆ ಹಸಿರು ಮಖಮಲ್ಲು ಹೊದಿಸಿದ ಮೂರು ಜೊತೆ ಗೂಟಗಳು. ಒಬ್ಬರಿಗೆ ಎರಡೇ ಬಂದೂಕು ಎಂದು ಕಾನೂನು ಬದಲಾದ ವರ್ಷ ಡಾಕ್ಟರು ಮೂರನೆಯದನ್ನು ಸರ್ಕಾರದ ನಿಯಮದಂತೆ ವ್ಯಾಪಾರಿಗೆ ಒಪ್ಪಿಸಿ ಬಂದಿದ್ದರು. ಉಳಿದ ಎರಡು ಈಗ ಪೊಲೀಸರ ಪೆಟ್ಟಿಗೆಯಲ್ಲಿ. ಮೂರು ಜೊತೆಯೂ ಖಾಲಿ.

"ಮೂರನೇದನ್ನ ಕೊಟ್ಟು ಬಂದ ದಿನ ಇವರು ಊಟ ಮಾಡ್ಲಿಲ್ಲ," ಅಂದರು ಭಾನುಮತಿ. "ಒಂದು ಗುಬ್ಬೀನೂ ಹೊಡೆದವರಲ್ಲ. ಎಮ್ಮೆಗೆ ಸೂಜಿ ಹಾಕೋಕೆ ಹೋದ ಊರಲ್ಲೆಲ್ಲ ಹಳೇ ಬಂದೂಕು ಇದ್ಯಾ ಅಂತ ವಿಚಾರಿಸೋರು. ಅಟ್ಟದ ಮೇಲೆ, ಸೌದೆ ಕೆಳಗೆ, ತುಕ್ಕು ಹಿಡಿದು ಬಿದ್ದಿರೋವು. ಬಿಚ್ಚಿ, ಎಣ್ಣೆ ಹಾಕಿ, ಆಕ್ರೋಟ್ ಮರದ ಹಿಡಿಯನ್ನ ಅಂಗೈಯಲ್ಲೇ ಉಜ್ಜಿ ಉಜ್ಜಿ ಹೊಳಪು ತರೋರು. ಬಂದೂಕು ಮಡಿಚಿ ಮುಚ್ಚಿದಾಗ ಒಂದು ಸದ್ದು ಬರುತ್ತಲ್ಲ, ಅದನ್ನ ನನಗೆ ಕೇಳಿಸೋರು. 'ಕೇಳು ಭಾನು, ಒಳ್ಳೇದು ಯಾವತ್ತೂ ಗದ್ದಲ ಮಾಡಲ್ಲ' ಅನ್ನೋರು."

ಶಿವರುದ್ರಸ್ವಾಮಿ ಕೇಳಿದ. "ನಾವು ತಗೊಂಡು ಹೋದ ಎರಡರಲ್ಲಿ ನಂಬರ್ ಒಂದು ಅಂತ ಚಿನ್ನದಲ್ಲಿ ಕೆತ್ತಿರೋ ಬಂದೂಕು ಇತ್ತಲ್ಲಮ್ಮ. ನಳಿಗೆ ಮೇಲೆ."

"ಅದು ಒಂಟಿಯಲ್ಲ, ಜೋಡಿ ಬಂದೂಕು. ಹಿಂದೆ ದೊರೆಗಳು ಶಿಕಾರಿಗೆ ಅಂತ ಎರಡೆರಡು ಒಟ್ಟಿಗೆ ಮಾಡಿಸ್ತಿದ್ರಂತೆ. ಒಂದೇ ಮರದ ದಿಮ್ಮಿಯಿಂದ ಎರಡರ ಹಿಡಿ. ಕೆತ್ತನೆ ಒಂದೇ, ತೂಕ ಒಂದೇ. ದೊರೆ ಒಂದನ್ನ ಹಾರಿಸೋವಾಗ ಆಳು ಇನ್ನೊಂದನ್ನ ತುಂಬಿ ಕೊಡೋನು. ಒಂದನೇದು ನಾಲ್ಕು ಸಾವಿರದ ನೂರ ಎಪ್ಪತ್ತಾರು. ಎರಡನೇದರ ನಂಬರ್ ಎಪ್ಪತ್ತೇಳು ಇರಲೇಬೇಕು ಅಂತ ಇಪ್ಪತ್ತೆರಡು ವರ್ಷ ಹುಡುಕಿದ್ರು."

"ಸಿಕ್ತಾ?"

"ಸಾಯೋಕೆ ಎರಡು ದಿನ ಮುಂಚೆ ಶುಕ್ರವಾರ ಸಂಜೆ ಬಂದು, 'ಜೊತೆ ಸಿಕ್ತು ಕಣೆ, ಭಾನುವಾರ ಮನೆಗೇ ಬರುತ್ತೆ' ಅಂದ್ರು. ಬಂದೂಕು ಬರುತ್ತೆ ಅಂತಲೋ, ಸುದ್ದಿ ಬರುತ್ತೆ ಅಂತಲೋ... ನಾನು ಸರಿಯಾಗಿ ಕೇಳ್ಲಿಲ್ಲ. ಭಾನುವಾರ ತಂಗಿ ಮಗಳ ಸೀಮಂತ ಇತ್ತು, ಸೀರೆ ಇಸ್ತ್ರಿ ಮಾಡ್ತಿದ್ದೆ." ಭಾನುಮತಿ ಎದ್ದು ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತಂದರು.

ಶುಕ್ರವಾರದ ಪುಟದಲ್ಲಿ ಒಂದೇ ಸಾಲು: 'ಕಲ್ಲುಹುಂಡಿ, ದೊಡ್ಡಮಾದಮ್ಮ, ತೀರಿಕೊಂಡ ಬೆಟ್ಟಯ್ಯನ ಹೆಂಡತಿ. ೪೧೭೭!!'

ಎರಡು ಆಶ್ಚರ್ಯಸೂಚಕ. ಆ ಪುಸ್ತಕದಲ್ಲಿ ಬೇರೆಲ್ಲೂ ಒಂದೂ ಇರಲಿಲ್ಲ.

* * *

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆ ಹಿಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾಳೆಕಾಯಿ, ಟೊಮೆಟೊ ಹೇರಿದ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೊರಟಿದ್ದವು. ಮದ್ದೂರು ಕಾಡಿನ ಅಂಚು ಕಾಣುವಷ್ಟರಲ್ಲಿ ಮಂಟೇಸ್ವಾಮಿ ಯಾರನ್ನೂ ಕೇಳದೆ ಎಡಕ್ಕೆ ತಿರುಗಿಸಿದ. ಅಲ್ಲಿ ಬೋರ್ಡಿರಲಿಲ್ಲ. ಹುರುಳಿ ಹೊಲದ ನಡುವೆ ಕೆಂಪು ದಾರಿ, ಕೊನೆಯಲ್ಲಿ ಕಲ್ಲುಹುಂಡಿಯ ಹನ್ನೆರಡು ಹೆಂಚಿನ ಮನೆ.

"ಗಾಡಿ ಇಲ್ಲಿಗೇಯ ಸಾರ್. ಮುಂದೆ ಓಣಿ ಇಕ್ಕಟ್ಟು. ನಾನಿಲ್ಲೇ ಇರ್ತೀನಿ."

ದೊಡ್ಡಮಾದಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಕಣ್ಣಿಗೆ ಪೊರೆ. ಕಾಕಿಯ ಬಣ್ಣ ಕಂಡದ್ದೇ ಮೊರ ಕೆಳಗಿಟ್ಟಳು.

"ತಂದ್ರಾ ಬುದ್ದಿ?"

"ಏನವ್ವಾ ತರೋದು?"

"ನನ್ ಗಂಡನ ಬಂದೂಕ."

ಶಿವರುದ್ರಸ್ವಾಮಿ ಜಗಲಿಯ ತುದಿಯಲ್ಲಿ ಕೂತ. ಮಂಡಿ ನೋಯುತ್ತಿತ್ತು. "ಮೊದಲಿಂದ ಹೇಳವ್ವ. ಆ ಬಂದೂಕು ನಿಮಗೆಲ್ಲಿಂದ ಬಂತು?"

"ನಮ್ಮ ಮಾವ ತೋಟದ ದೊರೆ ತಾವ ಶಿಕಾರಿ ಜಾಡು ತೋರ್ಸೋ ಕೆಲ್ಸದಲ್ಲಿದ್ರು. ದೊರೆ ಸೀಮೆಗೆ ವಾಪಸ್ ಓಗುವಾಗ ಒಂದನ್ನ ಯಾರಿಗೋ ಕೊಟ್ಟ, ಇನ್ನೊಂದ ನಮ್ಮ ಮಾವನ ಕೈಲಿಟ್ಟ. ಒಂದ್ಸಲ ಕರಡಿ ಬಾಯಿಂದ ದೊರೆನ ಎಳ್ಕಂಡ್ ಬಂದಿದ್ರಂತೆ, ಅದಕ್ಕೆ. ಲೈಸೆನ್ಸೂ ಮಾಡ್ಸಿಕೊಟ್ಟ. ಮಾವ ಸತ್ತ ಮ್ಯಾಲೆ ನನ್ ಗಂಡನ ಎಸ್ರಿಗೆ ಬಂತು. ಅವರು ಒಂದ್ಸಲನೂ ಹಾರ್ಸ್ನಿಲ್ಲ ಕಣಪ್ಪ. ಆನೆ ಬಂದ್ರೂ ತಗಡು ಬಡ್ದು ಓಡ್ಸೋರು. ಆಯುಧ ಪೂಜೆಲಿ ಹರಳೆಣ್ಣೆ ಹಚ್ಚಿ ಒಂದು ಹೂವ ಮಡಗೋರು. ಅಷ್ಟೇಯ."

"ಬೆಟ್ಟಯ್ಯ ತೀರ್ಕೊಂಡಿದ್ದು?"

"ಮೂರು ವರ್ಸ. ಲೈಸೆನ್ಸ್ ಏನ್ ಮಾಡ್ಬೇಕು ಅಂತ ನಂಗೊತ್ತಿಲ್ಲ. ಓಟು ಬಂತಲ್ಲ ಮೊನ್ನೆ, ಆಗ ನಿಮ್ಮೋರೊಬ್ರು ಬಂದ್ರು. ಎಲ್ರೂ ಬಂದೂಕ ಠಾಣೆಗೆ ಕೊಡ್ಬೇಕು, ಓಟಾದ ಮ್ಯಾಲೆ ವಾಪಸ್ ಅಂದ್ರು. ಕೊಟ್ಟೆ. ಓಟಾಯ್ತು. ನಿಮ್ಮ ಹಳೇಕಟ್ಟೆ ಠಾಣೆಗೆ ಮೂರ್ಸಲ ಅಲೆದೆ. ರೈಟರಪ್ಪ ಪುಸ್ತಕ ಮಗುಚಿ ಮಗುಚಿ ನೋಡಿ, 'ಬೆಟ್ಟಯ್ಯನ ಎಸ್ರಲ್ಲಿ ಯಾವ ಬಂದೂಕೂ ಬಂದಿಲ್ಲ ಓಗವ್ವ' ಅಂದ್ರು. ಸುಳ್ಳಿ ಅನ್ನೋ ಹಂಗೆ ನೋಡುದ್ರು."

"ಬಂದೋರು ಯಾರು ಅಂತ ಗೊತ್ತಾ?"

"ಕಾಕಿ ಕಂಡ್ತು. ಮಕ ಎಲ್ಲಿ ಕಂಡದು ಈ ಕಣ್ಗೆ? ಆದ್ರೆ ಚೀಟಿ ಕೊಟ್ಟವ್ರೆ."

ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯ ಕಾಗದ ತಂದಳು. ಠಾಣೆಯ ಮುದ್ರೆಯ ರಸೀದಿ. 'ಜೋಡಿ ನಳಿಗೆ, ೧೨ ಬೋರ್, ನಂ. ೪೧೭೭.' ಕೈಬರಹ ಯಾರದೆಂದು ತಿಳಿಯದಂತೆ ಬಿಡಿಬಿಡಿ ಅಕ್ಷರ. ಕೆಳಗೆ ಸಹಿ.

ಶಿವರುದ್ರಸ್ವಾಮಿಯ ಸಹಿ.

ಖೋಟಾ ಅಲ್ಲ. ಕೊನೆಯ ಅಕ್ಷರವನ್ನು ಮುಗಿಸದೆ ಎಳೆದುಬಿಡುವ ಅವನದೇ ಸೋಮಾರಿ ಗೀಟು. ಚುನಾವಣೆಯ ಆ ವಾರ ದಿನಕ್ಕೆ ನಲವತ್ತು ಬಂದೂಕು ಠಾಣೆಗೆ ಬರುತ್ತಿದ್ದವು. ಒಂದೊಂದಕ್ಕೂ ಎದ್ದು ಬಂದು ಸಹಿ ಹಾಕಲಾರದೆ, ಎರಡು ರಸೀದಿ ಪುಸ್ತಕಕ್ಕೆ ಮೊದಲೇ ಸಹಿ ಹಾಕಿ ಮೇಜಿನ ಮೇಲೆ ಬಿಟ್ಟಿದ್ದ. ಯಾರು ಬೇಕಾದರೂ ಒಂದು ಹಾಳೆ ಹರಿದುಕೊಳ್ಳಬಹುದಿತ್ತು.

"ಈ ಸೈ ಯಾರ್ದು ಬುದ್ದಿ? ಆ ಡಾಕ್ಟ್ರನ್ನ ಕೇಳುದ್ರೆ 'ದೊಡ್ಡ ಸಾಯೇಬ್ರುದು' ಅಂದ್ರು."

ಸುಳ್ಳು ಹೇಳಬಹುದಿತ್ತು. "ನನ್ದೇ ಅವ್ವಾ."

ಮುದುಕಿ ಅವನ ಕಡೆಗೆ ಮುಖ ತಿರುಗಿಸಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ನೀವೇ ಸೈ ಆಕಿದ್ದೀರಿ, ನಿಮ್ಗೇ ಗೊತ್ತಿಲ್ಲ. ಅಲ್ಲ ಕಣಪ್ಪ, ನಾನು ಎಬ್ಬೆಟ್ಟು. ಒತ್ತೋಕ್ ಮುಂಚೆ ಓದಿ ಏಳಿ ಅಂತ ಕೇಳ್ತೀನಿ. ಓದ್ದೋರು ನೀವು ಓದ್ನಿಲ್ವಾ?"

ಮೂವತ್ತಮೂರು ವರ್ಷದ ನೌಕರಿಯಲ್ಲಿ ಅವನು ಲಂಚ ಮುಟ್ಟಿರಲಿಲ್ಲ, ಯಾರ ಮೇಲೂ ಸುಳ್ಳು ಕೇಸು ಹಾಕಿರಲಿಲ್ಲ. ಸುಸ್ತಾಗಿದ್ದ, ಅಷ್ಟೆ. ಆ ಸುಸ್ತು ಒಬ್ಬನ ಜೀವ ತೆಗೆದಿರಬಹುದು ಎಂಬುದು ಆ ಜಗಲಿಯ ಮೇಲೆ ಅವನಿಗೆ ಮೊದಲ ಸಲ ಹೊಳೆಯಿತು.

"ಡಾಕ್ಟರು ಬಂದಾಗ ಏನಾಯ್ತು, ಅದೊಂದು ಹೇಳಿಬಿಡವ್ವ."

"ಚೀಟಿ ನಂಬರ್ ನೋಡಿ ಇಲ್ಲೇ ಕುಂತ್ಬುಟ್ರು. ನಗ್ತಾವ್ರೋ ಅಳ್ತಾವ್ರೋ ತಿಳೀನಿಲ್ಲ. 'ಕದ್ದುಮುಚ್ಚಿ ಕೊಳ್ಳೋನಲ್ಲ ನಾನು. ಮೊದ್ಲು ಬಂದೂಕು ನಿನ್ನ ಎಸ್ರಿಗಾಗ್ಲಿ, ಆಮೇಲೆ ಕೊಡೋದು ಬುಡೋದು ನಿನ್ನಿಷ್ಟ' ಅಂದ್ರು. ಇಲ್ಲಿಂದಲೇ ಠಾಣೆಗೆ ಪೋನ್ ಮಾಡುದ್ರು. ಯಾರೋ ಎತ್ಕಂಡು, 'ಸಾಯೇಬ್ರಿಗೆ ಏಳ್ಬೇಡಿ, ಭಾನುವಾರ ನಿಮ್ಮನೆಗೇ ತಂದು ತೋರುಸ್ತೀನಿ' ಅಂದ್ರಂತೆ. ಡಾಕ್ಟ್ರಿಗೆ ಸರಿ ಬರ್ನಿಲ್ಲ. 'ತರ್ಲಿ, ನೋಡ್ತೀನಿ. ಸೋಮವಾರ ನಾನೇ ಸಾಯೇಬ್ರನ್ನ ಕಾಣ್ತೀನಿ' ಅಂತ ನಂಗೇಳಿ ಓದ್ರು."

ಸೋಮವಾರ ಡಾಕ್ಟರ ಮಣ್ಣಾಗಿತ್ತು.

ಶಿವರುದ್ರಸ್ವಾಮಿ ರಸೀದಿಯನ್ನು ಫೋಟೊ ತೆಗೆದುಕೊಂಡು ಅವಳಿಗೇ ವಾಪಸ್ ಕೊಟ್ಟ. ಅದು ಅವಳ ಬಳಿ ಇರುವುದೇ ಕ್ಷೇಮ. ಈಗ ಅವನು ನಂಬಲಾರದ ಜಾಗವೆಂದರೆ ತನ್ನ ಠಾಣೆ.

* * *

ಹಳೇಕಟ್ಟೆ ಠಾಣೆಗೆ ಬಂದಾಗ ಮೂರೂವರೆ. ಸಿಬ್ಬಂದಿಯೆಲ್ಲ ರೈತರ ಮೆರವಣಿಗೆಯ ಬಂದೋಬಸ್ತಿಗೆ ಹೋಗಿದ್ದರು. ಮುಂದಿನ ಕೋಣೆಯಲ್ಲಿ ಕಾನ್‌ಸ್ಟೇಬಲ್ ಶಾಂತಿ ಒಬ್ಬಳೇ ಕಂಪ್ಯೂಟರಿಗೆ ದೂರು ಏರಿಸುತ್ತಿದ್ದಳು.

ಕಳ್ಳ ಮಾಲನ್ನು ಬಚ್ಚಿಡಲು ಯಾರೂ ಹುಡುಕದ ಜಾಗ ಯಾವುದು? ದಾರಿಯುದ್ದಕ್ಕೂ ಇದೇ ಪ್ರಶ್ನೆ ಅವನನ್ನು ಕೊರೆದಿತ್ತು. ಲಾಕಪ್ಪಿನ ಪಕ್ಕದ ಓಣಿಯ ಕೊನೆಯಲ್ಲಿದ್ದ ಭದ್ರತಾ ಕೊಠಡಿಯ ಬೀಗ ತೆಗೆದ. ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಬಾಗಿಲು. ಗಾಂಜಾ ಮೂಟೆ, ಮುರಿದ ಬೈಕು, ಹತ್ತು ವರ್ಷದ ಕೇಸುಗಳ ಕೊಡಲಿ ಮಚ್ಚು. ಎಲ್ಲದರ ಮೇಲೂ ಚೀಟಿ, ಎಲ್ಲದರ ಮೇಲೂ ಧೂಳು.

ಧೂಳಿಲ್ಲದ್ದು ಒಂದೇ. ಮೂಲೆಯ ಟ್ರಂಕಿನ ಹಿಂದೆ ಹಳೇ ಕಂಬಳಿಯ ಸುರುಳಿ.

ಬಿಚ್ಚಿದ.

ಡಾಕ್ಟರು ಇಪ್ಪತ್ತೆರಡು ವರ್ಷ ಹುಡುಕಿದ್ದು ಇದನ್ನು. ಟಾರ್ಚಿನ ಬೆಳಕಿನಲ್ಲಿ ಆಕ್ರೋಟ್ ಮರ ಜೇನಿನಂತೆ ಹೊಳೆಯಿತು. ಉಕ್ಕಿನ ಮೇಲೆ ಹಾರುವ ಹಕ್ಕಿ, ಜೊಂಡು ಹುಲ್ಲು, ಅಷ್ಟು ಸಣ್ಣ ಕೆತ್ತನೆ. ನಳಿಗೆಯ ಮೇಲೆ ಚಿನ್ನದ '2'. ಮಡಿಚಿ ನೋಡಿದ: ೪೧೭೭. ಎಡ ನಳಿಗೆ ಕನ್ನಡಿಯಂತಿತ್ತು. ಬಲ ನಳಿಗೆಯೊಳಗೆ ಬುಡದಿಂದ ಬಾಯಿಯವರೆಗೆ ಮಸಿ. ಮೂಗಿಗೆ ಸುಟ್ಟ ಮದ್ದಿನ ವಾಸನೆ.

ಡಾಕ್ಟರನ್ನು ಕೊಂದ ಬಂದೂಕು ಹದಿನೈದು ದಿನದಿಂದ ಅವನದೇ ಠಾಣೆಯಲ್ಲಿತ್ತು.

ಆ ಬಾಗಿಲಿಗೆ ಕೀಲಿ ಎರಡು. ಒಂದು ತಾಲ್ಲೂಕಿನ ಖಜಾನೆಯಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿ. ಇನ್ನೊಂದು ಅವನ ಬಳಿ. ಶಿವರುದ್ರಸ್ವಾಮಿ ಟ್ರಂಕಿನ ಮೇಲೆ ಕೂತು ಖಜಾನೆಗೆ ಫೋನು ಮಾಡಿದ. ಗುಮಾಸ್ತ ನೋಡಿ ಬಂದು ಹೇಳಿದ: "ಮೊಹರು ಹಂಗೇ ಇದೆ ಸಾರ್. ವರ್ಷದಿಂದ ಯಾರೂ ಮುಟ್ಟಿಲ್ಲ."

ಹಾಗಾದರೆ ಒಂದೇ ಕೀಲಿ. ಅವನದು.

ಆ ಭಾನುವಾರ ಅವನು ಬೆಳಿಗ್ಗೆಯಿಂದ ಚಾಮರಾಜನಗರದಲ್ಲಿ ಮಂತ್ರಿಯ ಕಾರ್ಯಕ್ರಮದ ಬಂದೋಬಸ್ತಿನಲ್ಲಿದ್ದ. ಕೀಲಿಗೊಂಚಲು ಗುಂಡ್ಲುಪೇಟೆಯ ಮನೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಯ ಮೇಲೆ. ಹೆಂಡತಿಗೆ ಫೋನು ಮಾಡಿದ.

"ಸುಧಾ, ಡಾಕ್ಟರು ಸತ್ತ ಭಾನುವಾರ ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ವಲ್ಲ. ಯಾಕ್ರೀ?"

"ಠಾಣೆ ಕೀ ಮೊಳೆ ಮೇಲೇ ಇತ್ತಾ?"

"ಅಯ್ಯೋ, ನೀವೇ ತರಿಸ್ಕೊಂಡ್ರಲ್ಲ! ಮಧ್ಯಾಹ್ನ ಮೆಸೇಜ್ ಹಾಕಿದ್ರಿ. ಇರಿ... ಇಲ್ಲೇ ಇದೆ. 'ಬಂದೋಬಸ್ತಲ್ಲಿದೀನಿ, ಫೋನ್ ಮಾಡ್ಬೇಡ. ಠಾಣೆ ಕೀ ಕೊಟ್ಟು ಕಳಿಸು.' ಕೊಟ್ಟು ಕಳಿಸಿದೆ. ಸಾಯಂಕಾಲ ವಾಪಸ್ಸೂ ತಂದುಕೊಟ್ಟ."

ಅವನ ಫೋನಿನಲ್ಲಿ ಅಂಥ ಮೆಸೇಜ್ ಇರಲಿಲ್ಲ. ಇದ್ದದ್ದನ್ನು ಯಾರೋ ಅಳಿಸಿದ್ದರು. ಆ ದಿನ ಮಂತ್ರಿಯ ವೇದಿಕೆಯ ಹತ್ತಿರ ಫೋನು ಬೇಡವೆಂದು ಲಾಕೂ ಹಾಕದೆ ಜೀಪಿನಲ್ಲೇ ಬಿಟ್ಟು ಹೋಗಿದ್ದ.

"ಯಾರ ಕೈಲಿ ಕೊಟ್ಟೆ?"

ಗೊತ್ತಿತ್ತು. ಆದರೂ ಬೇರೆ ಹೆಸರು ಬರಲಿ ಎಂದು, ಹಿಂದೆ ಯಾವ ಕೇಸಿನಲ್ಲೂ ಬೇಡದ ಹಾಗೆ, ಒಳಗೊಳಗೇ ಬೇಡಿಕೊಂಡ.

"ಇನ್ಯಾರ ಕೈಲಿ ಕೊಡ್ಲಿ? ನಮ್ಮ ಮಂಟೇಸ್ವಾಮಿ ಕೈಲಿ."

ಓಣಿಯಲ್ಲಿ ಬೂಟಿನ ಸದ್ದು ಬಂತು, ಬಾಗಿಲ ಬಳಿ ನಿಂತಿತು. ಶಿವರುದ್ರಸ್ವಾಮಿ ತಲೆಯೆತ್ತಿದ. ಮಂಟೇಸ್ವಾಮಿಯ ಕಣ್ಣು ಸಾಹೇಬರ ಮುಖವನ್ನು ನೋಡಲಿಲ್ಲ. ತೊಡೆಯ ಮೇಲಿದ್ದ ಬಂದೂಕನ್ನು ನೋಡಿತು.

"ನಾನೊಬ್ನೇ ಅಲ್ಲ ಸಾರ್," ಅಂದ ಮೆಲ್ಲಗೆ. "ಎಸ್ರು ಏಳುದ್ರೆ ಅವರು ನಿಮ್ಮನ್ನೂ ಉಳಿಸಾಕಿಲ್ಲ."

ಕೀಲಿಗೊಂಚಲು ಹೊರಗಡೆ ಬೀಗದಲ್ಲೇ ನೇತಾಡುತ್ತಿತ್ತು. ಮಂಟೇಸ್ವಾಮಿ ಹೊರಗಿನಿಂದಲೇ ಕಬ್ಬಿಣದ ಬಾಗಿಲನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡ.